ಅಂಟದ ರೋಗಕ್ಕೆ ಅಂಟಿದ ಕಳಂಕ

ಮನುಷ್ಯನ ದೇಹಕ್ಕೆ ಬರುವ ರೋಗಗಳಲ್ಲಿ ಹಲವು ಗುಟ್ಟಾಗಿ ಬಂದು ಗುಟ್ಟಾಗಿಯೇ ಇರುತ್ತವೆ. ಹೃದಯದ ದೌರ್ಬಲ್ಯವಾಗಲಿ, ಮಧುಮೇಹವಾಗಲಿ, ರೋಗಿಯೇ ಹೇಳಿಕೊಂಡ ಹೊರತು ನೆರೆಮನೆಯವರಿಗೆ ತಿಳಿಯುವುದಿಲ್ಲ. ಚರ್ಮರೋಗಕ್ಕೆ ಆ ಮರೆಯಿಲ್ಲ. ಮೊಣಕೈಯಲ್ಲಿ, ಮೊಣಕಾಲಿನಲ್ಲಿ, ಹಣೆಯಂಚಿನಲ್ಲಿ ಅದು ಎಲ್ಲರಿಗೂ ಕಾಣುವಂತೆ ಕುಳಿತಿರುತ್ತದೆ. ಕಂಡವರು ವಿಚಾರಿಸುವ ಮೊದಲೇ ತೀರ್ಪು ಕೊಟ್ಟುಬಿಡುತ್ತಾರೆ. ಹೀಗೆ ತಪ್ಪು ತೀರ್ಪಿಗೆ ಗುರಿಯಾದ ರೋಗಗಳಲ್ಲಿ ಸೋರಿಯಾಸಿಸ್ ಮುಖ್ಯವಾದುದು.

ಇದು ಅಪರೂಪದ ರೋಗವೇನೂ ಅಲ್ಲ. ಜಗತ್ತಿನಲ್ಲಿ ಕನಿಷ್ಠ 10 ಕೋಟಿ ಜನರು ಇದರಿಂದ ಬಳಲುತ್ತಿರುವರೆಂದು ವಿಶ್ವ ಆರೋಗ್ಯ ಸಂಸ್ಥೆ 2016ರ ತನ್ನ ವರದಿಯಲ್ಲಿ ತಿಳಿಸಿತು. ಚರ್ಮದ ಮೇಲೆ ದಪ್ಪನಾದ ಕಲೆಗಳು ಏಳುತ್ತವೆ. ಬಿಳಿಯ ಮೈಬಣ್ಣದವರಲ್ಲಿ ಅವು ಕೆಂಪಾಗಿ ಕಂಡರೆ, ನಮ್ಮಂಥವರಲ್ಲಿ ನೇರಳೆ ಇಲ್ಲವೆ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಅವುಗಳ ಮೇಲಿಂದ ಬೆಳ್ಳಗೆ ಹೊಳೆಯುವ ಹೊಪ್ಪಳೆಗಳು ಉದುರುತ್ತವೆ. ತಲೆಯಲ್ಲಿ ಕಾಣಿಸಿಕೊಂಡರೆ ಬರಿಯ ಹೊಟ್ಟೆಂದು ಭ್ರಮಿಸುವವರೇ ಹೆಚ್ಚು. ಕೆಲವರಲ್ಲಿ ರೋಗವು ಚರ್ಮದಲ್ಲಿಯೇ ನಿಲ್ಲದೆ ಕೀಲುಗಳಿಗೂ ಇಳಿದು ಬೆರಳುಗಳನ್ನು ಸೊಟ್ಟಗಾಗಿಸುತ್ತದೆ.

ಹೆಸರು ಮಾಡಿದ ಅನರ್ಥ

ಈ ಲೇಖಕನು ವೈದ್ಯನಲ್ಲ, ಕನ್ನಡ ಕಲಿಸುವವನು. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು: ಈ ರೋಗದ ಸಂಕಟದಲ್ಲಿ ಅರ್ಧ ಪಾಲು ಶಬ್ದದಿಂದ ಹುಟ್ಟಿದ್ದು.

ಸಂಸ್ಕೃತದ ವೈದ್ಯಗ್ರಂಥಗಳಲ್ಲಿ 'ಕುಷ್ಠ'ವೆಂಬುದು ಒಂದು ರೋಗದ ಹೆಸರಲ್ಲ, ಚರ್ಮವ್ಯಾಧಿಗಳ ಒಂದು ಕುಲದ ಹೆಸರು. ಚರಕಸಂಹಿತೆಯು ಏಳು ಮಹಾಕುಷ್ಠಗಳನ್ನೂ ಹನ್ನೊಂದು ಕ್ಷುದ್ರಕುಷ್ಠಗಳನ್ನೂ ಎಣಿಸುತ್ತದೆ. ಅವುಗಳಲ್ಲಿ ಮೀನಿನ ಹುರುಪೆಯಂತಿರುವುದೆಂದು ವರ್ಣಿಸಿರುವ 'ಏಕಕುಷ್ಠ'ದಲ್ಲಿ ಇಂದಿನ ಸೋರಿಯಾಸಿಸ್‌ನ ಹೋಲಿಕೆಯನ್ನು ಆಯುರ್ವೇದ ಪಂಡಿತರು ಕಾಣುತ್ತಾರೆ. ಆದರೆ ಕನ್ನಡದ ಬಳಕೆಯಲ್ಲಿ ಕುಷ್ಠವೆಂದರೆ ಒಂದೇ ಅರ್ಥ ಉಳಿಯಿತು. ಗ್ರಂಥದಲ್ಲಿ ಕುಲವಾಚಕವಾಗಿದ್ದ ಪದ ಬೀದಿಯಲ್ಲಿ ಶಾಪವಾಯಿತು.

ಯುರೋಪಿನಲ್ಲಿಯೂ ಇದೇ ಕಥೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ವೈದ್ಯ ರಾಬರ್ಟ್ ವಿಲ್ಲನ್ ಈ ರೋಗದ ಲಕ್ಷಣಗಳನ್ನು ಸ್ಪಷ್ಟವಾಗಿ ಬರೆದಿಟ್ಟನಾದರೂ, ಕುಷ್ಠವಾಚಕವಾದ 'ಲೆಪ್ರಾ' ಶಬ್ದವನ್ನು ಹೆಸರಿನಿಂದ ಬಿಡಲಿಲ್ಲ. 1841ರಲ್ಲಿ ವಿಯೆನ್ನಾದ ಫರ್ಡಿನಾಂಡ್ ಫಾನ್ ಹೆಬ್ರಾ ಎರಡನ್ನೂ ಬೇರ್ಪಡಿಸಿದನು. ಗ್ರೀಕ್ ಭಾಷೆಯಲ್ಲಿ 'ಪ್ಸೋರಾ' ಎಂದರೆ ತುರಿ. ಅದರಿಂದ ಬಂದ ಸೋರಿಯಾಸಿಸ್ ಎಂಬ ಹೆಸರೊಂದೇ ಉಳಿಯಿತು. ಕುಷ್ಠಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡುಹಿಡಿದ ಮೇಲೆ ಸಂದೇಹಕ್ಕೆ ಎಡೆಯೇ ಇರಲಿಲ್ಲ. ಸೋರಿಯಾಸಿಸ್‌ಗೆ ಅಂಥ ಯಾವ ರೋಗಾಣುವೂ ಇಲ್ಲ. ಅದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಕುಷ್ಠವಾದರೂ ಇಂದು ಔಷಧಿಯಿಂದ ಪೂರ್ಣವಾಗಿ ಗುಣವಾಗುವ ಕಾಯಿಲೆ. ಆ ರೋಗಿಗಳನ್ನು ದೂರವಿಡುವುದಕ್ಕೂ ನ್ಯಾಯವಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು.

ಗೋವೆಯ ಪುಡಿ, ಭೀಮಾವರದ ವಿಜ್ಞಾನಿ

ಚಿಕಿತ್ಸೆಯ ಚರಿತ್ರೆಯಲ್ಲಿ ನಮ್ಮ ನೆರೆಹೊರೆಯ ಎರಡು ಹೆಸರುಗಳು ಬರುತ್ತವೆ. ಮೊದಲನೆಯದು ಗೋವೆ. ಪೋರ್ಚುಗೀಸರು ಬ್ರೆಜಿಲ್ ದೇಶದ ಒಂದು ಮರದಿಂದ ತರುತ್ತಿದ್ದ ಹಳದಿ ಮಿಶ್ರಿತ ಪುಡಿಯೊಂದು ಗೋವೆಯ ಮೂಲಕ ಪ್ರಚಾರಕ್ಕೆ ಬಂದು 'ಗೋವಾ ಪೌಡರ್' ಎಂದೇ ಪ್ರಸಿದ್ಧವಾಗಿತ್ತು. ಹುಳುಕಡ್ಡಿಗೆ ಅದು ಮದ್ದು. ತನ್ನ ಸೋರಿಯಾಸಿಸ್ಸನ್ನು ಹುಳುಕಡ್ಡಿಯೆಂದು ತಪ್ಪಾಗಿ ತಿಳಿದ ರೋಗಿಯೊಬ್ಬನು ಅದನ್ನು ಹಚ್ಚಿಕೊಂಡು ಗುಣ ಕಂಡನಂತೆ. ಲಂಡನ್ನಿನ ವೈದ್ಯ ಬಾಲ್ಮನೋ ಸ್ಕ್ವೈರ್ 1870ರ ದಶಕದಲ್ಲಿ ಇದನ್ನು ಗಮನಿಸಿ, ಅದರಿಂದ ಮುಲಾಮು ಮಾಡಿಸಿದನು. 1916ರಲ್ಲಿ ಜರ್ಮನಿಯಲ್ಲಿ ಅದರ ಸ್ಥಾನಕ್ಕೆ ಕೃತಕವಾದ ಡಿಥ್ರನಾಲ್ ಬಂದಿತು. 1925ರಲ್ಲಿ ಅಮೆರಿಕದ ಗೋಕರ್‌ಮನ್ ಕಲ್ಲಿದ್ದಲಿನ ಟಾರು ಹಚ್ಚಿ ಅತಿನೇರಳೆ ಕಿರಣಗಳನ್ನು ಹಾಯಿಸುವ ವಿಧಾನವನ್ನು ಪ್ರಕಟಿಸಿದನು. ಇವೆಲ್ಲ ಫಲಕಾರಿಯಾಗಿದ್ದರೂ ಬಟ್ಟೆಗೆ ಕಲೆ, ಮೈಗೆ ಉರಿ, ಮೂಗಿಗೆ ವಾಸನೆ ತಪ್ಪಿದ್ದಲ್ಲ.

ಎರಡನೆಯ ಹೆಸರು ಯಲ್ಲಾಪ್ರಗಡ ಸುಬ್ಬರಾವ್ ಅವರದು. 1895ರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯ ವಿದ್ಯೆ ಕಲಿತು, ಅಮೆರಿಕಕ್ಕೆ ಹೋಗಿ ಲೆಡರ್ಲೆ ಪ್ರಯೋಗಶಾಲೆಯ ಸಂಶೋಧನೆಗೆ ಮುಖ್ಯಸ್ಥರಾದರು. ಫೋಲಿಕ್ ಆಮ್ಲದ ಕಾರ್ಯವನ್ನು ತಡೆಯುವ ಔಷಧಿಗಳು ಅವರ ನೇತೃತ್ವದಲ್ಲಿ ಸಿದ್ಧವಾದವು. ಉದ್ದೇಶವಿದ್ದದ್ದು ರಕ್ತದ ಕ್ಯಾನ್ಸರ್. ಆದರೆ 1951ರಲ್ಲಿ ಅಮೆರಿಕದ ಗಬ್ನರ್ ಮತ್ತು ಸಂಗಡಿಗರು ಅಂಥ ಒಂದು ಔಷಧಿಯನ್ನು ಕೀಲುವಾತದ ರೋಗಿಗಳಿಗೆ ಕೊಟ್ಟಾಗ ಸೋರಿಯಾಸಿಸ್ ಕಲೆಗಳು ಮಾಯವಾದುದನ್ನು ಕಂಡರು. ಅದರ ಸೋದರನಂತಿರುವ ಮೆಥೊಟ್ರೆಕ್ಸೇಟ್ ಇಂದಿಗೂ ತೀವ್ರ ಸೋರಿಯಾಸಿಸ್‌ನಲ್ಲಿ ಅಗ್ಗದ, ನೆಚ್ಚಿಗೆಯ ಮಾತ್ರೆ. ಸುಬ್ಬರಾಯರು ಅದನ್ನು ಕಾಣಲಿಲ್ಲ, 1948ರಲ್ಲಿಯೇ ತೀರಿಕೊಂಡಿದ್ದರು.

ಕಳ್ಳನಿಲ್ಲದ ಮನೆಯಲ್ಲಿ ಕಾವಲಿನ ಗದ್ದಲ

ಹಾಗಾದರೆ ರೋಗದ ಮೂಲವೆಲ್ಲಿ? ಬಹುಕಾಲ ವಿದ್ವಾಂಸರು ಚರ್ಮವನ್ನೇ ಅಪರಾಧಿಯೆಂದು ತಿಳಿದಿದ್ದರು. ಆರೋಗ್ಯವಂತರಲ್ಲಿ ಹೊರಚರ್ಮದ ಜೀವಕೋಶವು ಹುಟ್ಟಿ, ಮೇಲೆ ಬಂದು, ಉದುರಿಹೋಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್‌ನಲ್ಲಿ ಇದೇ ಪಯಣ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಪೇರಿಕೊಂಡು ಹೊಪ್ಪಳೆಯಾಗುತ್ತವೆ.

1979ರಲ್ಲಿ ಈ ನಂಬಿಕೆ ಅಲುಗಾಡಿತು. ಕೀಲುರೋಗಿಗಳ ಮೇಲೆ ಸೈಕ್ಲೊಸ್ಪೋರಿನ್ ಎಂಬ ಔಷಧಿಯನ್ನು ಪರೀಕ್ಷಿಸುತ್ತಿದ್ದ ಮುಲ್ಲರ್ ಮತ್ತು ಹೆರ್‌ಮನ್, ಅವರಲ್ಲಿ ಸೋರಿಯಾಸಿಸ್ ಇದ್ದವರ ಚರ್ಮ ತಿಳಿಯಾದುದನ್ನು ವರದಿ ಮಾಡಿದರು. ಆ ಔಷಧಿ ಅಡಗಿಸುವುದು ಮುಖ್ಯವಾಗಿ 'ಟಿ' ಎಂಬ ಬಿಳಿಯ ರಕ್ತಕಣಗಳನ್ನು. ಅಂದರೆ ಅವಸರ ಚರ್ಮದ್ದಾದರೂ ಪ್ರೇರಣೆ ಬೇರೆಡೆಯದು! ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ, ಕಳ್ಳನಿಲ್ಲದ ಮನೆಯಲ್ಲಿ ಕಾವಲುಗಾರನು ಕೂಗೆಬ್ಬಿಸಿದಂತೆ, ಗದ್ದಲವೆಬ್ಬಿಸುತ್ತಿತ್ತು. ಈ ಕೂಗಿನ ಭಾಷೆಯನ್ನು ಮುಂದಿನ ಸಂಶೋಧಕರು ಬಿಡಿಸಿದರು. ಚರ್ಮದಲ್ಲಿರುವ ಕೆಲವು ಕಾವಲು ಕೋಶಗಳು ಇಂಟರ್‌ಲ್ಯೂಕಿನ್-23 ಎಂಬ ಸಂದೇಶವಸ್ತುವನ್ನು ಹೊರಡಿಸುತ್ತವೆ. ಅದರಿಂದ ಉದ್ರಿಕ್ತವಾದ ಟಿ ಕಣಗಳು ಇಂಟರ್‌ಲ್ಯೂಕಿನ್-17ನ್ನು ಸುರಿಸುತ್ತವೆ. ಅದು ತಗುಲಿದ ಚರ್ಮಕೋಶಗಳು ವೇಗವಾಗಿ ಬೆಳೆಯುವುದಲ್ಲದೆ ಮತ್ತಷ್ಟು ಕಾವಲುಗಾರರನ್ನು ಕರೆಯುತ್ತವೆ. ಹೀಗೆ ಚಕ್ರ ಸುತ್ತುತ್ತಲೇ ಇರುತ್ತದೆ.

ಈ ಚಕ್ರದ ಒಂದೊಂದು ಕೀಲನ್ನು ಮಾತ್ರ ಹಿಡಿದು ನಿಲ್ಲಿಸುವ ಚುಚ್ಚುಮದ್ದುಗಳು ಈ ಶತಮಾನದ ಕೊಡುಗೆ. 2015ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೆಕ್ಯುಕಿನುಮಾಬ್ ಇಂಟರ್‌ಲ್ಯೂಕಿನ್-17ನ್ನು ಕಟ್ಟಿಹಾಕುತ್ತದೆ. ಪರೀಕ್ಷೆಗಳಲ್ಲಿ ಮೂರು ತಿಂಗಳೊಳಗೆ ಹತ್ತರಲ್ಲಿ ಏಳೆಂಟು ರೋಗಿಗಳಿಗೆ ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚು ಗುಣವಾಯಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯೂ ಕ್ಯೂಬಾ ದೇಶದ ವಿಜ್ಞಾನಿಗಳ ಸಹಯೋಗದಿಂದ ಟಿ ಕಣಗಳನ್ನು ಗುರಿಯಾಗಿಸಿದ ಇಟೊಲಿಜುಮಾಬ್ ಎಂಬ ಔಷಧಿಯನ್ನು 2013ರಲ್ಲಿ ಸೋರಿಯಾಸಿಸ್‌ಗೆಂದೇ ಬಿಡುಗಡೆ ಮಾಡಿತು. ಇದೇ ದಾರಿಯಲ್ಲಿ ಇಸಬಿಗೂ ಮದ್ದು ದೊರೆಯಿತು: ಅಲ್ಲಿ ಗದ್ದಲ ಮಾಡುವ ಇಂಟರ್‌ಲ್ಯೂಕಿನ್‌ಗಳು 4 ಮತ್ತು 13, ಅವನ್ನು ತಡೆಯುವ ಡ್ಯುಪಿಲುಮಾಬ್‌ಗೆ 2017ರಲ್ಲಿ ಅಮೆರಿಕದಲ್ಲಿ ಮನ್ನಣೆ ಸಿಕ್ಕಿತು. ಆದರೆ ಇಂಥ ಚುಚ್ಚುಮದ್ದುಗಳ ಬೆಲೆ ಮಧ್ಯಮವರ್ಗದ ಸಂಸಾರಕ್ಕೆ ಇಂದಿಗೂ ಭಾರವೇ. ಕೆಲವಕ್ಕೆ ಮೊದಲು ಮೈಯಲ್ಲಿ ಕ್ಷಯ ಅಡಗಿದೆಯೇ ಎಂದು ಪರೀಕ್ಷಿಸಲೇಬೇಕು. ಇವು ರೋಗವನ್ನು ಹತೋಟಿಯಲ್ಲಿಡುವವೇ ಹೊರತು ಬೇರುಸಹಿತ ಕೀಳುವವಲ್ಲ.

ಮನೆಯವರು ಅರಿಯಬೇಕಾದುದು

'ಶಾಶ್ವತ ಪರಿಹಾರ' ಎಂಬ ಜಾಹೀರಾತಿಗೆ ಮರುಳಾದವರ ಪಾಡು ವೈದ್ಯರಿಗೆ ಗೊತ್ತು. ಹೆಸರಿಲ್ಲದ ಪುಡಿ ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಅದು ಮೊದಲು ಮೈಯನ್ನು ನುಣುಪಾಗಿಸುತ್ತದೆ. ನಿಲ್ಲಿಸಿದೊಡನೆ ರೋಗ ಮೈತುಂಬ ಕೆರಳಿ, ಕೆಲವೊಮ್ಮೆ ಕೀವುಗುಳ್ಳೆಗಳೆದ್ದು ಪ್ರಾಣಕ್ಕೇ ಎರವಾಗಬಹುದು. ಮೆಥೊಟ್ರೆಕ್ಸೇಟನ್ನು ಸೇವಿಸುವುದು ವಾರಕ್ಕೊಂದು ದಿನ. ಮರೆತು ದಿನವೂ ನುಂಗಿದರೆ ವಿಷ. ಗರ್ಭಿಣಿಯರಿಗಂತೂ ಅದು ಸಲ್ಲದು. ಮೈ ಒಣಗದಂತೆ ಎಣ್ಣೆ ಅಥವಾ ಮುಲಾಮು ಸವರುವುದು, ಗಂಟಲುಬೇನೆಯನ್ನು ಅಲಕ್ಷಿಸದಿರುವುದು, ಧೂಮಪಾನ ಮದ್ಯಪಾನಗಳನ್ನು ಬಿಡುವುದು, ಕೀಲು ನೋಯತೊಡಗಿದರೆ ತಡಮಾಡದೆ ವೈದ್ಯರಿಗೆ ತಿಳಿಸುವುದು: ಇವು ಎಲ್ಲರ ಕೈಯಲ್ಲಿರುವ ಎಚ್ಚರ.

ಇನ್ನು ಮದುವೆಯ ಮಾತು. ಕೆಲವು ಮನೆಗಳಲ್ಲಿ ಹೆಣ್ಣುಮಗಳ ಮೊಣಕೈಯ ಕಲೆಯನ್ನು ತುಂಬುತೋಳಿನ ರವಿಕೆಯಲ್ಲಿ ಮುಚ್ಚಿ ವರನ ಕಡೆಯವರ ಮುಂದೆ ಕೂರಿಸುತ್ತಾರೆ. ಮದುವೆಯಾದ ಮೇಲೆ ಬಯಲಾದಾಗ ನಂಬಿಕೆಯೇ ಮುರಿಯುತ್ತದೆ. ರೋಗಕ್ಕೆ ವಂಶದ ಎಳೆಯಿರುವುದು ನಿಜ. ಆದರೆ ತಂದೆತಾಯಿಗಳಲ್ಲಿ ಒಬ್ಬರಿಗೆ ಇದ್ದರೂ ಹೆಚ್ಚಿನ ಮಕ್ಕಳಿಗೆ ಅದು ಬರುವುದಿಲ್ಲ. ತದ್ರೂಪಿ ಅವಳಿಗಳಲ್ಲಿ ಸಹ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದುಂಟು. ಆದ್ದರಿಂದ ಮುಚ್ಚಿಡುವುದಕ್ಕಿಂತ ಮುಂಚೆಯೇ ತಿಳಿಸುವುದು, ತಿಳಿಸಿದಾಗ ಬೆಚ್ಚದೆ ಕೇಳಿಕೊಳ್ಳುವುದು, ಎರಡೂ ಕಡೆಯವರಿಗೆ ಶ್ರೇಯಸ್ಕರ.

2014ರಲ್ಲಿ ವಿಶ್ವ ಆರೋಗ್ಯ ಸಭೆಯು ಸೋರಿಯಾಸಿಸ್ ಬಗೆಗೆ ನಿರ್ಣಯವೊಂದನ್ನು ಅಂಗೀಕರಿಸಿ, ರೋಗಿಗಳ ಮೇಲಿನ ತಾರತಮ್ಯವನ್ನು ತೊಡೆಯಬೇಕೆಂದು ರಾಷ್ಟ್ರಗಳನ್ನು ಕೋರಿತು. ಆ ನಿರ್ಣಯ ಜಾರಿಗೆ ಬರಬೇಕಾದ ಸ್ಥಳಗಳು ಬಹಳ ಸಣ್ಣವು: ಕ್ಷೌರದಂಗಡಿಯ ಕುರ್ಚಿ, ಬಸ್ಸಿನ ಆಸನ, ತರಗತಿಯ ಬೆಂಚು, ಮದುವೆಯ ಊಟದ ಪಂಕ್ತಿ. ಅಲ್ಲಿ ಪಕ್ಕದವರು ಸರಿಯದೆ ಕುಳಿತರೆ, ಯಾವ ಪ್ರಯೋಗಶಾಲೆಯೂ ತಯಾರಿಸಲಾರದ ಔಷಧಿಯೊಂದನ್ನು ಅವರು ಕೊಟ್ಟಂತಾಯಿತು.