ಕಾಲಿನ ಅರ್ಜಿ, ಗಣಕದ ಮಂಜೂರಾತಿ

ವೇಗದ ಕಾರುಗಳೆಂದರೆ ಇಂದಿನ ತರುಣರಿಗೆ ಬಲು ಮೋಹ. ಆದರೆ ಅನುಭವಿ ಚಾಲಕರು, “ಇಂದಿನ ಸ್ಪೋರ್ಟ್ಸ್ ಕಾರುಗಳಲ್ಲಿ ವೇಗವುಂಟು, ಹಿಂದಿನ ಚಾಲನಾಸುಖವಿಲ್ಲ” ಎನ್ನುವುದುಂಟು. ಇದು ಬರಿಯ ಹಳಹಳಿಕೆಯೇ, ಅಥವಾ ಇದಕ್ಕೆ ತಕ್ಕ ಕಾರಣವುಂಟೇ?

ಕುರ್ಲಾದಲ್ಲಿ ತಯಾರಾಗುತ್ತಿದ್ದ, 2023ರ ಅಕ್ಟೋಬರ್‌ವರೆಗೂ ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ದುಡಿದ ಪ್ರೀಮಿಯರ್ ಪದ್ಮಿನಿಯನ್ನು ನೆನೆಯಿರಿ. ಅದರಲ್ಲಿ ಆಕ್ಸಿಲರೇಟರಿಗೂ ಕಾರ್ಬ್ಯುರೇಟರಿನ ಕವಾಟಕ್ಕೂ ನೇರ ಯಾಂತ್ರಿಕ ಸಂಪರ್ಕವಿತ್ತು. ಪಾದ ಎಷ್ಟು ಒತ್ತಿತೋ ಕವಾಟ ಅಷ್ಟು ತೆರೆಯುತ್ತಿತ್ತು. ಇಂದಿನ ಕಾರುಗಳಲ್ಲಿ ಪೆಡಲಿನ ಸ್ಥಾನವನ್ನು ಸಂವೇದಕಗಳು ಅಳೆದು ಗಣಕಕ್ಕೆ ತಿಳಿಸುತ್ತವೆ. ಗಣಕದ ಆದೇಶದಂತೆ ಪುಟ್ಟ ವಿದ್ಯುತ್ ಮೋಟಾರು ಕವಾಟವನ್ನು ತೆರೆಯುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಹಿಂದೆ ಪಾದದ್ದು ಆಜ್ಞೆ. ಇಂದು ಅದು ಕೇವಲ ಅರ್ಜಿ. ಎಷ್ಟು, ಯಾವಾಗ ಮಂಜೂರು ಮಾಡಬೇಕೆಂಬುದು ಗಣಕದ ಅಧಿಕಾರ.

ಹೊಗೆಯ ಮಾಲಿನ್ಯ ತಗ್ಗಿಸಲೆಂದು ಗಣಕವು ಕೆಲವೊಮ್ಮೆ ಕವಾಟವನ್ನು ನಿಧಾನವಾಗಿ ಮುಚ್ಚುವುದರಿಂದ, ಕಾಲು ತೆಗೆದರೂ ಎಂಜಿನ್ನಿನ ವೇಗ ಕ್ಷಣಕಾಲ ಇಳಿಯದು. ಚಾಲಕನಿಗೆ ಜಡವೆನಿಸುವುದು ಇದೇ. ‘ಸ್ಪೋರ್ಟ್’ ಗುಂಡಿ ಒತ್ತಿದರೆ ಅಷ್ಟೇ ಒತ್ತಡಕ್ಕೆ ಕವಾಟ ಹೆಚ್ಚು ತೆರೆಯುತ್ತದೆ. ಕಾರು ಚುರುಕಾದಂತೆ ತೋರಿದರೂ ಅಷ್ಟರಿಂದಲೇ ಎಂಜಿನ್ನಿನ ಗರಿಷ್ಠ ಶಕ್ತಿ ಹೆಚ್ಚಿತೆಂದು ತಿಳಿಯಲಾಗದು.

ಎರಡನೆಯದು ಸ್ಥಿರತಾ ನಿಯಂತ್ರಣ. ಸ್ಟಿಯರಿಂಗ್ ತೋರುವ ದಿಕ್ಕಿಗೂ ಕಾರು ನಿಜವಾಗಿ ತಿರುಗುತ್ತಿರುವ ರೀತಿಗೂ ತಾಳೆಯಾಗದಿದ್ದಾಗ, ಈ ವ್ಯವಸ್ಥೆ ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿ, ಬೇಕಾದ ಚಕ್ರವೊಂದಕ್ಕೆ ಮಾತ್ರ ಬ್ರೇಕು ಹಾಕುತ್ತದೆ. ಹಿಂಭಾಗ ಜಾರಿದರೆ ಹೊರಬದಿಯ ಮುಂದಿನ ಚಕ್ರಕ್ಕೆ, ಮುಂಭಾಗ ಜಾರಿದರೆ ಒಳಬದಿಯ ಹಿಂದಿನ ಚಕ್ರಕ್ಕೆ. 1995ರಲ್ಲಿ ಮರ್ಸಿಡಿಸ್-ಬೆಂಜ್ ಕಾರಿನಲ್ಲಿ ಬಂದ ಈ ಸಾಧನದ ಮಹತ್ವ, 1997ರಲ್ಲಿ ಸ್ವೀಡನ್ನಿನ ಪರೀಕ್ಷೆಯೊಂದರಲ್ಲಿ ಅದೇ ಸಂಸ್ಥೆಯ ‘ಎ-ಕ್ಲಾಸ್’ ಮಗುಚಿದಾಗ ಲೋಕಕ್ಕೆ ಮನವರಿಕೆಯಾಯಿತು.

ಚಕ್ರ ಜಾರುವ ಅಂಚನ್ನು ಕೈ, ಬೆನ್ನುಗಳಿಂದಲೇ ಅರಿತು ಸಂಭಾಳಿಸುವುದು ನುರಿತ ಚಾಲಕನ ಆನಂದ. ಗಣಕ ನಡುವೆ ಬಂದರೆ ಆ ಆನಂದ ಕುಗ್ಗುವುದು ನಿಜ. ಆದುದರಿಂದಲೇ ಹಲವು ಸ್ಪೋರ್ಟ್ಸ್ ಕಾರುಗಳಲ್ಲಿ ಸ್ವಲ್ಪ ಜಾರಲು ಬಿಟ್ಟು ಬಳಿಕವೇ ತಡೆಯುವ ಹಂತಗಳಿವೆ. ನಿಯಂತ್ರಣವನ್ನು ಆರಿಸುವ ಗುಂಡಿಯೂ ಉಂಟು. ಅದರ ಸ್ಥಳ ಪಂದ್ಯದ ಮೈದಾನವೇ ಹೊರತು ಸಾರ್ವಜನಿಕ ರಸ್ತೆಯಲ್ಲ.

ದಹಿಸರಿನಿಂದ ಊರಿಗೆ ಹೊರಡುವ ನಮ್ಮವರು ಮಳೆಗಾಲದಲ್ಲಿ ಖಂಡಾಲಾ, ಅರಬೈಲು ಮೊದಲಾದ ಘಾಟಿಗಳನ್ನು ದಾಟಬೇಕಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮನುಷ್ಯ ಅಪಾಯವನ್ನು ಕಂಡು ಕಾಲೆತ್ತುವಷ್ಟರಲ್ಲಿ ಗಣಕ ತನ್ನ ಕೆಲಸ ಆರಂಭಿಸಿರುತ್ತದೆ. ಆದರೆ ಅದಕ್ಕೂ ಮಿತಿಯುಂಟು. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಸವೆದ ಟೈರಿಗೆ ಇಲ್ಲದ ಹಿಡಿತವನ್ನು ಯಾವ ಗಣಕವೂ ಒದಗಿಸಲಾರದು. ಖಾತೆಯಲ್ಲಿ ಹಣವಿಲ್ಲದಿದ್ದರೆ ಚೆಕ್ಕಿನ ಮೇಲಿನ ಸಹಿ ಎಷ್ಟು ಸುಂದರವಾಗಿದ್ದರೇನು?

ಆದುದರಿಂದ ಘಾಟಿ ಹತ್ತುವ ಮುನ್ನ ಟೈರುಗಳನ್ನು ನೋಡಿಕೊಳ್ಳಿರಿ, ಸ್ಥಿರತಾ ನಿಯಂತ್ರಣವನ್ನು ಆರಿಸದಿರಿ, ತಿರುವಿಗೆ ಮೊದಲೇ ವೇಗವನ್ನು ಇಳಿಸಿರಿ. ಮನೆಮಂದಿಯನ್ನು ಕ್ಷೇಮವಾಗಿ ಊರು ಸೇರಿಸುವ ಚಾಲಕನೇ ನಿಜವಾದ ನಿಪುಣ.