ಕಡಲಿಲ್ಲದ ಎರಡು ಸಂಸ್ಥಾನಗಳು

ನಮ್ಮ ಪೂರ್ವ ವಿದ್ಯಾರ್ಥಿನಿಯರೂ ಮಕ್ಕಳ ತಂದೆತಾಯಿಗಳೂ ಓದುವ ಈ ಸಂಚಿಕೆಯಲ್ಲಿ ಭೂಗೋಳದ ಪಾಠವೊಂದನ್ನು ಬರೆಯುವದೇಕೆಂದು ಕೆಲವರು ಕೇಳಬಹುದು. ಅದರ ಕಾರಣವನ್ನು ಮೊದಲು ಹೇಳುವೆವು. ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ನಾವು ಭೂಪಟವನ್ನು ತೂಗಹಾಕಿ, ಸಮುದ್ರತೀರವಿಲ್ಲದ ದೇಶಗಳನ್ನು ಮಕ್ಕಳಿಗೆ ತೋರಿಸುತ್ತಿದ್ದೆವು. ಅಭಿವೃದ್ಧಿ ಹೊಂದುತ್ತಿರುವ ದೇಶಗಳಲ್ಲಿ ಇಂಥವು ೩೨ ಎಂದು ವಿಶ್ವಸಂಸ್ಥೆಯವರು ಎಣಿಸಿರುವರು. ಅವುಗಳಲ್ಲಿ ಅನೇಕವು ಬಡ ದೇಶಗಳೇ. ಆಗ ಕಮಲಾಪುರದ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, “ಅಕ್ಕೋರೆ, ನಮ್ಮ ಕಡೀಗೂ ಸಮುದ್ರಿಲ್ಲ. ಹಂಗಾದ್ರ ನಾವು ಹಿಂದ ಉಳಿದದ್ದು ಅದಕ್ಕೇನ್ರಿ?” ಎಂದು ಕೇಳಿದಳು. ಘಂಟೆ ಬಾರಿಸಿತು; ಪಾಠ ಮುಗಿಯಿತು; ಆದರೆ ಆ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ಆ ಮಗುವಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಇಲ್ಲಿ ಬರೆದಿರುವೆವು.

ಉತ್ತರಕ್ಕಾಗಿ ದೂರದ ದೇಶಗಳಿಗೆ ಹೋಗಬೇಕಾದ ಅವಶ್ಯವಿಲ್ಲ. ಕನ್ನಡಿಗರು ಬಾಳಿದ ಎರಡು ದೊಡ್ಡ ಸಂಸ್ಥಾನಗಳಿಗೆ ಕಡಲಿರಲಿಲ್ಲ. ಒಂದು ನಿಜಾಮರ ಹೈದರಾಬಾದು. ೧೯೪೮ನೆಯ ಸಪ್ಟೆಂಬರದ ವರೆಗೆ ನಮ್ಮ ಕಲಬುರಗಿಯು ಅದರೊಳಗಿತ್ತು. ಇನ್ನೊಂದು ಒಡೆಯರ ಮೈಸೂರು. ಎರಡಕ್ಕೂ ಒಂದು ಕಾಲದಲ್ಲಿ ತೀರವಿತ್ತೆಂಬದು ಗಮನಿಸತಕ್ಕ ಮಾತು. ಪೂರ್ವ ಕರಾವಳಿಯ ಉತ್ತರ ಸರಕಾರಗಳನ್ನು ನಿಜಾಮರು ೧೭೬೬ರ ಒಪ್ಪಂದದಿಂದ ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಮಂಗಳೂರಿನ ತೀರವು ೧೭೯೯ರಲ್ಲಿ ಟೀಪುವಿನ ಪತನದೊಡನೆ ಮೈಸೂರಿನ ಕೈಬಿಟ್ಟಿತು. ಅಂದಿನಿಂದ ಎರಡೂ ಸುತ್ತಲೂ ಪರರ ನೆಲವಿರುವ ಸೀಮೆಗಳಾದವು.

ಇವೆರಡರಲ್ಲಿ ಹೈದರಾಬಾದು ಬಹಳ ದೊಡ್ಡದು. ಅದರ ವಿಸ್ತೀರ್ಣವು ೮೨ ಸಾವಿರ ಚದರ ಮೈಲಿಗೂ ಹೆಚ್ಚು. ಮೈಸೂರು ಅದರ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ದೊಡ್ಡದು. ೧೯೪೧ರ ಜನಗಣತಿಯಲ್ಲಿ ಹೈದರಾಬಾದಿನ ಪ್ರಜೆಗಳು ಸುಮಾರು ೧ ಕೋಟಿ ೬೩ ಲಕ್ಷ, ಮೈಸೂರಿನವರು ಸುಮಾರು ೭೩ ಲಕ್ಷ. ಹೈದರಾಬಾದಿಗೆ ಸ್ವಂತ ನಾಣ್ಯವಿತ್ತು, ಅಂಚೆ ಇತ್ತು, ರೈಲ್ವೆ ಇತ್ತು, ಸಿಂಗರೇಣಿಯ ಕಲ್ಲಿದ್ದಲು ಇತ್ತು. ೧೯೩೭ರಲ್ಲಿ ಅಮೇರಿಕದ ಪ್ರಸಿದ್ಧ ಪತ್ರಿಕೆಯೊಂದು ನಿಜಾಮರ ಚಿತ್ರವನ್ನು ಮುಖಪುಟದಲ್ಲಿ ಹಾಕಿ, ಅವರನ್ನು ಲೋಕದ ಅತ್ಯಂತ ಶ್ರೀಮಂತರೆಂದು ವರ್ಣಿಸಿತು. ಆದರೂ ಅಕ್ಷರ ಬಲ್ಲವರ ಪ್ರಮಾಣವು ಆ ಸಂಸ್ಥಾನದಲ್ಲಿ ಮೈಸೂರಿನ ಹೆಚ್ಚುಕಡಿಮೆ ಅರ್ಧದಷ್ಟೇ ಇತ್ತು. ಅರಸನ ಭಂಡಾರವು ಬೇರೆ, ಒಕ್ಕಲಿಗನ ಕಣಜವು ಬೇರೆ ಎಂಬದು ಇದರಿಂದಲೇ ತಿಳಿಯುವದು.

ಕಡಲಿಲ್ಲದಿದ್ದರೆ ಒಂದು ಸೀಮೆಗೆ ಆಗುವ ತೊಂದರೆ ಏನು? ಮುಖ್ಯವಾದವು ಮೂರು. ಮೊದಲನೆಯದು ಸಾಗಣೆಯ ವೆಚ್ಚ. ಹಡಗಿನಲ್ಲಿ ಭಾರವಾದ ಸರಕು ಅಗ್ಗವಾಗಿ ಹೋಗುವದು. ಬಂಡಿಯಲ್ಲಿಯೂ ರೈಲಿನಲ್ಲಿಯೂ ಮೈಲಿ ಮೈಲಿಗೆ ಹಣ ತೆರಬೇಕಾಗುವದು. ಎರಡನೆಯದು ಸುಂಕ. ಪರರ ಬಂದರನ್ನು ದಾಟಿ ಬಂದ ಸರಕಿಗೆ ಅಲ್ಲಿಯ ಸುಂಕ ಒಂದು ಬಿದ್ದಿರುವದು. ಹೈದರಾಬಾದು ತನ್ನ ಗಡಿಯಲ್ಲಿಯೂ ಬೆಲೆಯ ಮೇಲೆ ನೂರಕ್ಕೆ ಐದರಂತೆ ಸುಂಕ ಎತ್ತುತ್ತಿತ್ತು. ಮೂರನೆಯದು ಪರಾಧೀನತೆ. ನೆರೆಯವನು ಮುನಿದರೆ ಹಾದಿ ಮುಚ್ಚುವದು. ೧೯೪೮ರಲ್ಲಿ ಹೈದರಾಬಾದಿಗೂ ಭಾರತಕ್ಕೂ ಸಂಬಂಧ ಕೆಟ್ಟಾಗ ಹೊರಗಿನ ಸರಕುಗಳ ಕೊರತೆಯು ಆ ಸಂಸ್ಥಾನವನ್ನು ಬಾಧಿಸಿತು. ಕೊಲಕತ್ತೆಯ ಬಂದರನ್ನು ನಂಬಿರುವ ನೇಪಾಳವು ೧೯೮೯ರಲ್ಲಿಯೂ ೨೦೧೫ರಲ್ಲಿಯೂ ಗಡಿಯ ದಾರಿಗಳು ಕಟ್ಟಿದಾಗ ಉರುವಲಿಗೂ ಔಷಧಕ್ಕೂ ಕಷ್ಟಪಟ್ಟಿತು.

ಕಲಬುರಗಿಯವರಿಗೆ ಇದರೊಡನೆ ನಾಣ್ಯದ ತೊಡಕೂ ಇತ್ತು. ನಿಜಾಮರ ಹಾಲಿ ಸಿಕ್ಕದ ಸುಮಾರು ೧೧೬ ರೂಪಾಯಿ ಕೊಟ್ಟರೆ ಇಂಗ್ಲಿಷರ ಕಲದಾರ ೧೦೦ ರೂಪಾಯಿ ಸಿಕ್ಕುತ್ತಿದ್ದವು. ಸೊಲ್ಲಾಪುರದ ಪೇಟೆಗೆ ಹೋಗಿ ಬರುವ ಗೃಹಸ್ಥನು ಎರಡು ತರದ ಲೆಕ್ಕವನ್ನು ತಲೆಯಲ್ಲಿಟ್ಟುಕೊಳ್ಳಬೇಕಾಗಿತ್ತು. ಈ ಕಾಲದ ಹಿರಿಯಜ್ಜಿಯರು ಹಳೆಯ ಮಾತು ತೆಗೆದರೆ ಈ ಎರಡು ಹೆಸರುಗಳು ಇಂದಿಗೂ ಬಾಯಿಗೆ ಬರುತ್ತವೆ.

ಆದರೆ ಕಡಲಿಲ್ಲದ ಸೀಮೆಗೆ ಉಪಾಯವೇ ಇಲ್ಲವೆಂದಲ್ಲ. ತೂಕ ಕಡಿಮೆ, ಬೆಲೆ ಹೆಚ್ಚು ಇರುವ ಪದಾರ್ಥವನ್ನು ಹೊರಗೆ ಕಳಿಸುವವನಿಗೆ ಸಾಗಣೆಯ ಭಾರವು ಹಗುರಾಗುವದು. ಒಂದು ತೊಲೆ ಬಂಗಾರವನ್ನೂ ಒಂದು ಶಹಾಬಾದ ಕಲ್ಲಿನ ಚಪ್ಪಡಿಯನ್ನೂ ಮುಂಬಯಿಗೆ ಕಳಿಸುವದನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ಕಲ್ಲಿನ ಬೆಲೆಯಲ್ಲಿ ಹೆಚ್ಚಿನ ಪಾಲು ಬಾಡಿಗೆಗೇ ಹೋಗುವದು. ಮೈಸೂರಿಗೆ ಕೋಲಾರದ ಬಂಗಾರವಿತ್ತು, ಮಲೆನಾಡಿನ ಕಾಫಿಯಿತ್ತು, ಗಂಧ ಮತ್ತು ರೇಶ್ಮೆ ಇದ್ದವು. ನಮ್ಮ ಕಡೆಯ ಕರಿಯ ನೆಲವು ಕೊಟ್ಟದ್ದು ಜೋಳ, ತೊಗರಿ, ಹತ್ತಿ, ಎಣ್ಣೆಕಾಳು. ಇವು ಅನ್ನ ಕೊಡುವ ಪದಾರ್ಥಗಳು. ಆದರೆ ಭಾರವಾದವು, ಮಳೆಯನ್ನು ನಂಬಿದವು, ಬಹಳ ಮಟ್ಟಿಗೆ ಕಚ್ಚಾ ರೂಪದಲ್ಲಿಯೇ ಮಾರಿಹೋಗುವಂಥವು.

ಇಷ್ಟೇ ಆಗಿದ್ದರೆ ಎಲ್ಲವೂ ನೆಲದ ಪುಣ್ಯವೆಂದು ಸುಮ್ಮನಿರಬಹುದಾಗಿತ್ತು. ಆದರೆ ನೆಲಕ್ಕಿಂತ ಹೆಚ್ಚಾಗಿ ಮನುಷ್ಯರು ಮಾಡಿದ ಏರ್ಪಾಡುಗಳು ಎರಡು ಸೀಮೆಗಳನ್ನು ಬೇರೆಬೇರೆ ಹಾದಿಗೆ ಒಯ್ದವು. ಮೈಸೂರು ಕೂಡ ೧೮೭೬-೭೮ರ ಬರದಲ್ಲಿ ಲಕ್ಷಾಂತರ ಜನರನ್ನು ಕಳೆದುಕೊಂಡ ಬಡ ಸೀಮೆಯೇ. ಅಲ್ಲಿ ೧೮೮೧ರಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿತು. ರೈತರ ಅಹವಾಲುಗಳು ದಿವಾನರ ಕಿವಿಗೆ ಬೀಳುವ ದಾರಿಯಾಯಿತು. ೧೯೦೨ರಲ್ಲಿ ಶಿವನಸಮುದ್ರದ ನೀರಿನಿಂದ ವಿದ್ಯುಚ್ಛಕ್ತಿಯನ್ನು ಹುಟ್ಟಿಸಿ, ತೊಂಬತ್ತು ಮೈಲಿಗೂ ಆಚೆಗಿನ ಕೋಲಾರದ ಗಣಿಗಳಿಗೆ ಕಳಿಸಿದರು. ವಿದ್ಯುತ್ತಿಗೆ ಬಂದರು ಬೇಕಾಗಿಲ್ಲ. ಇಂದು ಭೂತಾನವು ತನ್ನ ಹೊಳೆಗಳಿಂದ ವಿದ್ಯುತ್ತನ್ನು ಮಾಡಿ ಭಾರತಕ್ಕೆ ಮಾರುತ್ತಿರುವದೂ ಇದೇ ಜಾಣತನದಿಂದಲೇ.

ಸರ್ ಎಂ. ವಿಶ್ವೇಶ್ವರಯ್ಯನವರು ೧೯೧೨ರಿಂದ ೧೯೧೮ರ ವರೆಗೆ ದಿವಾನರಾಗಿದ್ದರು. ೧೯೧೩ರಲ್ಲಿ ಮೈಸೂರು ಬ್ಯಾಂಕು, ೧೯೧೬ರಲ್ಲಿ ವಿಶ್ವವಿದ್ಯಾನಿಲಯವೂ ಗಂಧದೆಣ್ಣೆಯ ಕಾರಖಾನೆಯೂ, ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರಖಾನೆ, ೧೯೩೩ರಲ್ಲಿ ಮಂಡ್ಯದ ಸಕ್ಕರೆಯ ಕಾರಖಾನೆ ಹುಟ್ಟಿದವು. ಗಂಧದ ಕೊರಡನ್ನು ಕಳಿಸುತ್ತಿದ್ದ ಸೀಮೆಯು ಗಂಧದೆಣ್ಣೆಯನ್ನೂ ಸಾಬೂನನ್ನೂ ಕಳಿಸತೊಡಗಿತು. ಒಂದು ಪದಾರ್ಥವನ್ನು ಮನೆಯಲ್ಲಿಯೇ ಸಂಸ್ಕರಿಸಿ ಮಾರಿದರೆ ಕೂಲಿಯು ಮನೆಯಲ್ಲಿಯೇ ಉಳಿಯುವದು; ಅರ್ಥಶಾಸ್ತ್ರದ ಈ ಸೂತ್ರವು ಉಪ್ಪಿನಕಾಯಿ ಹಾಕಿ ಮಾರುವ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ.

ಹೈದರಾಬಾದಿನವರು ಏನೂ ಮಾಡಲಿಲ್ಲವೆಂದರೆ ಅನ್ಯಾಯವಾದೀತು. ಮೊದಲನೆಯ ಸಾಲಾರಜಂಗರು ೧೮೫೩ರಿಂದ ಮೂವತ್ತು ವರ್ಷ ಮಂತ್ರಿಯಾಗಿದ್ದು ಕಂದಾಯವನ್ನೂ ನ್ಯಾಯಾಲಯಗಳನ್ನೂ ತಿದ್ದಿದರು. ೧೮೭೪ರಲ್ಲಿ ವಾಡಿಯಿಂದ ಹೈದರಾಬಾದಿಗೆ ರೈಲು ಓಡಿತು. ಕಲಬುರಗಿಯಲ್ಲಿ ಅದೇ ಶತಮಾನದ ಕೊನೆಯ ಭಾಗದಲ್ಲಿ ಮೆಹಬೂಬ ಶಾಹಿ ಗಿರಣಿ ಎದ್ದು, ಅನೇಕ ಸಂಸಾರಗಳು ಅದರಿಂದ ಅನ್ನ ಕಂಡವು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ದೇಶಭಾಷೆಯೊಂದರಲ್ಲಿ ಉಚ್ಚ ಶಿಕ್ಷಣವನ್ನು ಕೊಟ್ಟಿತೆಂಬದು ಮೆಚ್ಚತಕ್ಕದ್ದೇ. ಆದರೆ ಆ ಭಾಷೆಯು ಉರ್ದು. ಅದನ್ನು ಮನೆಮಾತಾಗಿ ಉಳ್ಳವರು ಪ್ರಜೆಗಳಲ್ಲಿ ಹತ್ತಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ತೆಲುಗರು, ಮರಾಠಿಗರು, ಕನ್ನಡಿಗರು ತಮ್ಮ ಮಾತನ್ನು ಮನೆಯಲ್ಲಿಟ್ಟು ಶಾಲೆಗೆ ಬರಬೇಕಾಯಿತು. ತಾಯಿಯು ಆಡುವ ಮಾತು ಪುಸ್ತಕದಲ್ಲಿ ಇಲ್ಲದಿದ್ದರೆ ತಾಯಿಯು ಮಗುವಿನ ಪಾಠಕ್ಕೆ ಹೊರಗಿನವಳಾಗುವಳು. ಕಲಬುರಗಿಯ ನೂತನ ವಿದ್ಯಾಲಯದಂಥ ಸಂಸ್ಥೆಗಳು ೧೯೦೭ರಿಂದ ಮುಂದೆ ಪಟ್ಟ ಶ್ರಮವು ಈ ಕೊರತೆಯನ್ನು ತುಂಬಲಿಕ್ಕೇ.

ಇದಕ್ಕಿಂತಲೂ ದೊಡ್ಡ ಕಾರಣವು ಭೂಮಿಯದು. ಸಂಸ್ಥಾನದ ಸುಮಾರು ಮೂರರಲ್ಲೊಂದು ಪಾಲು ಜಾಗೀರದಾರರ ಕೈಯಲ್ಲಿತ್ತು. ಸುಮಾರು ಹತ್ತರಲ್ಲೊಂದು ಪಾಲು ನಿಜಾಮರ ಸ್ವಂತ ಖರ್ಚಿನ ಸರ್ಫೆ ಖಾಸ್ ಎಂಬ ಸೀಮೆ. ಇಲ್ಲಿ ಉತ್ತವನು ಕೊಟ್ಟ ಹಣವು ಶಾಲೆಯಾಗಿಯೋ ಕಾಲುವೆಯಾಗಿಯೋ ಅದೇ ಊರಿಗೆ ತಿರುಗಿ ಬರುವದು ವಿರಳ. ಬಿಟ್ಟಿಯ ದುಡಿತವೂ ಅನೇಕ ಊರುಗಳಲ್ಲಿ ನಡೆದಿತ್ತು. ೧೯೩೧ರಲ್ಲಿ ಮುಗಿದ ನಿಜಾಮಸಾಗರದ ನೀರು ತೆಲಂಗಾಣಕ್ಕೆ ಹರಿಯಿತು. ರಾಜಧಾನಿಯಲ್ಲಿ ಕಟ್ಟಡಗಳು ಬೆಳೆದವು. ನಮ್ಮ ಜಿಲ್ಲೆಯು ಮುಗಿಲನ್ನೇ ನೋಡುತ್ತ ಕುಳಿತಿತು. ಜಾಗೀರುಗಳು ರದ್ದಾದದ್ದು ೧೯೪೯ರಲ್ಲಿ.

ಹಾಗೆಂದು ಮೈಸೂರನ್ನು ಸ್ವರ್ಗವೆಂದು ಯಾರೂ ತಿಳಿಯಬಾರದು. ಅಲ್ಲಿಯೂ ದೀಪವು ಮೊದಲು ಹತ್ತಿದ್ದು ಗಣಿಗೆ ಮತ್ತು ಪಟ್ಟಣಕ್ಕೆ. ಕೋಲಾರದ ಬಂಗಾರದ ಲಾಭದಲ್ಲಿ ದೊಡ್ಡ ಪಾಲು ಇಂಗ್ಲೆಂಡಿನ ಕಂಪನಿಗಳಿಗೆ ಹೋಯಿತು. ಚಿತ್ರದುರ್ಗದ ಒಣ ನೆಲದ ರೈತನ ಬಾಳು ಕಲಬುರಗಿಯ ರೈತನ ಬಾಳಿಗಿಂತ ಬಹಳ ಸುಖದ್ದೇನೂ ಆಗಿರಲಿಲ್ಲ. ಆದರೂ ಒಂದು ವಿಷಯದಲ್ಲಿ ಮೈಸೂರು ಬೇಗ ಎಚ್ಚೆತ್ತಿತು. ಬೆಂಗಳೂರಿನಲ್ಲಿ ಲಂಡನ್ ಮಿಷನಿನ ಸ್ತ್ರೀಯರು ೧೮೪೦ರ ದಶಕದಲ್ಲಿಯೇ ಹೆಣ್ಣುಮಕ್ಕಳಿಗಾಗಿ ಶಾಲೆ ನಡಿಸಿದರು. ೧೮೮೧ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಹೆಸರಿನ ಬಾಲಿಕಾ ಪಾಠಶಾಲೆ ತೆರೆಯಿತು. ಓದಿದ ತಾಯಿಯ ಮಗಳು ಓದಿದಳು. ಅವಳ ಮಗಳು ಉಪಾಧ್ಯಾಯಿನಿಯೋ ವೈದ್ಯಳೋ ಆದಳು. ಮೂರು ತಲೆಮಾರಿನ ಈ ಮುನ್ನಡೆಯನ್ನು ಯಾವ ಬಂದರೂ ಹಡಗಿನಲ್ಲಿ ತಂದುಕೊಡಲಾರದು.

೧೯೫೬ನೆಯ ನವೆಂಬರ ೧ರಂದು ಎರಡು ಸೀಮೆಗಳ ಕನ್ನಡಿಗರು ಒಂದೇ ರಾಜ್ಯದವರಾದರು. ಮಂಗಳೂರು ಕಾರವಾರಗಳ ತೀರವೂ ಆ ರಾಜ್ಯಕ್ಕೆ ಬಂದಿತು. ಭೂಪಟದ ಮೇಲೆ ಕಡಲಿಲ್ಲವೆಂಬ ಕೊರತೆ ಅಂದಿಗೆ ತೀರಿತು. ಆದರೆ ೨೦೦೨ರಲ್ಲಿ ನಂಜುಂಡಪ್ಪ ಸಮಿತಿಯವರು ರಾಜ್ಯದ ಅತ್ಯಂತ ಹಿಂದುಳಿದ ೩೯ ತಾಲೂಕುಗಳನ್ನು ಹೆಸರಿಸಿದಾಗ ಅವುಗಳಲ್ಲಿ ೨೧ ನಮ್ಮ ಕಲಬುರಗಿ ವಿಭಾಗದವೇ ಆಗಿದ್ದವು. ೨೦೧೧ರ ಜನಗಣತಿಯಲ್ಲಿ ರಾಜ್ಯದ ಸ್ತ್ರೀಯರಲ್ಲಿ ನೂರಕ್ಕೆ ೬೮ ಮಂದಿ ಅಕ್ಷರಸ್ಥರು. ನಮ್ಮ ಜಿಲ್ಲೆಯಲ್ಲಿ ೫೫ ಮಂದಿ. ಸಂವಿಧಾನಕ್ಕೆ ೩೭೧-ಜೆ ಎಂಬ ವಿಧಿಯು ಸೇರಿ, ೨೦೧೩ರಿಂದ ನಮ್ಮ ಮಕ್ಕಳಿಗೆ ಕಾಲೇಜುಗಳಲ್ಲಿಯೂ ನೌಕರಿಗಳಲ್ಲಿಯೂ ಮೀಸಲಾದ ಸ್ಥಾನಗಳು ದೊರೆತಿರುವವು. ಬಾಗಿಲು ತೆರೆದಿದೆ, ಆದರೆ ಹತ್ತನೆಯ ತರಗತಿಗೇ ಓದು ನಿಲ್ಲಿಸಿದ ಹುಡುಗಿಯು ಆ ಬಾಗಿಲಿನ ವರೆಗೆ ಬರುವದು ಹೇಗೆ?

ಈಗ ಕಮಲಾಪುರದ ಮಗುವಿನ ಕಡೆಗೆ ತಿರುಗುವೆವು. ಕಲಬುರಗಿಗೆ ರೈಲು ಬಂದು ೧೮೭೧ರ ಹೊತ್ತಿಗೆ ಮುಂಬಯಿ ಮದ್ರಾಸುಗಳ ದಾರಿ ಕೂಡಿತು. ನಲವತ್ತು ಕಿಲೋಮೀಟರಿನೊಳಗೇ ಇರುವ ಕಮಲಾಪುರದ ಮಾರ್ಗವಾಗಿ ಬೀದರಕ್ಕೆ ಹೋಗುವ ರೈಲು ಓಡಿದ್ದು ೨೦೧೭ರಲ್ಲಿ. ಒಂದೂವರೆ ನೂರು ವರ್ಷಗಳಷ್ಟು ಅಂತರ! ಕಡಲಿಲ್ಲದ ಸೀಮೆಯೊಳಗೆ ರೈಲಿಲ್ಲದ ಸೀಮೆ, ಅದರೊಳಗೆ ಶಾಲೆ ದೂರವಿರುವ ಹಳ್ಳಿ, ಅದರೊಳಗೆ ಮನೆಯ ಹೊಸ್ತಿಲು ದಾಟಲಾರದ ಹೆಣ್ಣುಮಗಳು. ಹೀಗೆ ಒಂದರೊಳಗೊಂದು ಮುಚ್ಚಿದ ಸೀಮೆಗಳಿರುವವು. ಕಮಲಾಪುರದ ಕೆಂಪು ಬಾಳೆಯು ಸಾಧಾರಣ ಬಾಳೆಗಿಂತ ತಡವಾಗಿ ಫಲ ಕೊಡುವದು. ಆದರೆ ಅದರ ಬೆಲೆ ಹೆಚ್ಚು, ಹೆಸರು ದೊಡ್ಡದು. ಭೌಗೋಳಿಕ ಗುರುತೂ ಅದಕ್ಕೆ ದೊರೆತಿದೆ. ತಡವಾಗುವದೆಂದು ಯಾವ ತೋಟಗಾರನೂ ಆ ಗಿಡವನ್ನು ನಡುವೆ ಕಡಿಯುವದಿಲ್ಲ. ತಂದೆತಾಯಿಗಳೇ, ನಿಮ್ಮ ಹೆಣ್ಣುಮಕ್ಕಳ ಓದಿನ ವಿಷಯದಲ್ಲಿಯೂ ಅಷ್ಟೇ ತಾಳ್ಮೆಯನ್ನು ತೋರಿಸಿರೆಂದು ಬೇಡುವೆವು.

ಆ ಮಗುವಿಗೆ ನಮ್ಮ ಉತ್ತರವು ಇದು: ಮಗಳೇ, ಕಡಲಿಲ್ಲದ್ದು ಒಂದು ಕಷ್ಟ, ಅದು ನಿಜ. ಸ್ವಿಜರಲೆಂಡಿಗೂ ಕಡಲಿಲ್ಲ, ಅದು ಬಡ ದೇಶವಲ್ಲ. ಕಡಲಿಲ್ಲದ ಎರಡು ಸಂಸ್ಥಾನಗಳಲ್ಲಿ ಹೆಚ್ಚು ಐಶ್ವರ್ಯವುಳ್ಳದ್ದರ ಪ್ರಜೆಗಳೇ ಹಿಂದೆ ಉಳಿದರು. ಯಾಕಂದರೆ ಅಲ್ಲಿ ಭೂಮಿಯೂ ಅಕ್ಷರವೂ ಕೆಲವರ ಕೈಯಲ್ಲಿಯೇ ನಿಂತವು. ತಲಾಂತನ್ನು ನೆಲದಲ್ಲಿ ಹೂಳಿಟ್ಟ ಆಳಿನ ಸಾಮ್ಯವನ್ನು ನೀನು ಪ್ರಾರ್ಥನಾ ಮಂದಿರದಲ್ಲಿ ಕೇಳಿರುವಿ; ಸೀಮೆಗಳೂ ಹಾಗೆ ಹೂಳಿಡುವದುಂಟು, ಸಂಸಾರಗಳೂ ಹೂಳಿಡುವದುಂಟು.

ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ದಾದಿಯರು, ಉಪಾಧ್ಯಾಯಿನಿಯರು, ಕಚೇರಿಗಳಲ್ಲಿ ದುಡಿಯುವವರು, ಮನೆಯೊಡತಿಯರು. ನಿಮ್ಮ ಓಣಿಯಲ್ಲಿ ಈ ವರ್ಷ ಓದು ಬಿಡಲಿರುವ ಹುಡುಗಿಯೊಬ್ಬಳು ಇರುವಳು. ಅವಳ ಮನೆಗೆ ಒಂದು ಸಾರಿ ಹೋಗಿ, ಅವಳ ತಾಯಿಯ ಹತ್ತಿರ ಕುಳಿತು ಮಾತಾಡಿರಿ. ೩೭೧-ಜೆಯ ಪತ್ರವನ್ನು ಯಾವ ಕಚೇರಿಯಲ್ಲಿ ಬೇಡಬೇಕು, ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹೇಗೆ ಬರೆಯಬೇಕು ಎಂಬದನ್ನು ತಿಳಿಸಿರಿ. ಅವಳ ಪಾಲಿನ ಬಂದರು ಅದೇ. ಕರ್ತನು ನಿಮ್ಮ ಕೈಗಳ ಕೆಲಸವನ್ನು ಆಶೀರ್ವದಿಸಲಿ.