ಸಾವಿರ ರೂಪಾಯಿ ಕಟ್ಟಿದರೆ ಮುಗಿಯಿತಾ? ಅತಿವೇಗ, ಎಫ್‌ಐಆರ್ ಮತ್ತು ಕವಲಂದೆಯ ಒಬ್ಬ ಡ್ರೈವರ್

ಇವತ್ತಿನ ಮಾತು ಶುರುವಾಗೋದು ನಮ್ಮ ಅಕ್ಕನ ಮಗನ ಫೋನಿಂದ. ನಂಜನಗೂಡು ತಾಲ್ಲೂಕಿನ ಕವಲಂದೆಯ ಹುಡುಗ, ಆ್ಯಕ್ಟಿಂಗ್ ಡ್ರೈವರ್. ಸ್ವಂತ ಗಾಡಿ ಇಲ್ಲ. ಯಾರಾದರೂ ಕರೆದರೆ ಅವರ ಕಾರು ಓಡಿಸ್ತಾನೆ, ದಿನಕ್ಕಿಷ್ಟು ಅಂತ ತಗೋತಾನೆ. ಹೋದ ತಿಂಗಳು ಒಬ್ಬರನ್ನು ಬೆಂಗಳೂರು ಏರ್‌ಪೋರ್ಟ್‌ಗೆ ಬಿಡೋಕೆ ಹೋಗಿದ್ದ. ಹಿಂದೆ ಕೂತವರು 'ಫ್ಲೈಟ್ ಮಿಸ್ ಆಗುತ್ತೆ, ತುಳಿಯಪ್ಪ' ಅಂದರಂತೆ. ತುಳಿದ. ಮದ್ದೂರಿನ ಆಚೆ ಕ್ಯಾಮೆರಾ ಹಿಡಿಯಿತು: 138.

'ಮಾವ, ಸಾವಿರ ಕಟ್ಟುದ್ರೆ ಮುಗೀತದಲ್ವಾ?' ಅಂತ ಕೇಳಿದ. 'ಅಷ್ಟೇ ಕಣೋ, ಕಟ್ಟಿಬಿಡು' ಅಂದೆ. ನಾನು ಹೇಳಿದ್ದು ತಪ್ಪು. ಎರಡು ದಿನ ಬಿಟ್ಟು ಅವನಿಗೆ ಪೊಲೀಸ್ ಠಾಣೆಯಿಂದ ಫೋನ್ ಬಂತು.

ನಾನು ಯಾಕೆ ಹಾಗಂದೆ ಅಂದರೆ, ನಮ್ಮೆಲ್ಲರ ತಲೆಯಲ್ಲಿರೋದು ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಮಾತ್ರ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ವೇಗಮಿತಿ ಮೀರಿದರೆ ಕಾರಿನಂಥ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಲಾರಿ-ಬಸ್ಸಿನಂಥವಕ್ಕೆ 2,000ದಿಂದ 4,000. ಅದೂ ಬಾಕಿ ಉಳಿಸಿಕೊಂಡರೆ ರಿಯಾಯಿತಿ ಬರುತ್ತೆ ಅನ್ನೋ ನಂಬಿಕೆ ಬೇರೆ. 2023ರ ಫೆಬ್ರವರಿಯಲ್ಲಿ ಶೇ 50 ರಿಯಾಯಿತಿ ಕೊಟ್ಟಾಗ ಜನ ಕ್ಯೂ ನಿಂತು ಕಟ್ಟಿದ್ದರು. 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲೂ ಕೊಟ್ಟರು. ಆಷಾಢದ ಸೇಲ್ ಥರ ಆಗಿಹೋಗಿದೆ ಇದು.

ಆದರೆ 2024ರ ಆಗಸ್ಟ್ 1ರಿಂದ ಲೆಕ್ಕ ಬದಲಾಯಿತು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತಾ ವಿಭಾಗದ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಒಂದು ಗೆರೆ ಎಳೆದರು: ರಾಜ್ಯದ ಯಾವುದೇ ರಸ್ತೆಯಲ್ಲಿ ಗಂಟೆಗೆ 130 ಕಿಲೋಮೀಟರ್ ದಾಟಿದರೆ ಬರೀ ದಂಡ ಅಲ್ಲ, ಎಫ್‌ಐಆರ್. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಮಿತಿ 100. ಅಂದರೆ 110ರಲ್ಲಿ ಸಿಕ್ಕವನಿಗೂ 138ರಲ್ಲಿ ಸಿಕ್ಕವನಿಗೂ ಈಗ ದಾರಿ ಬೇರೆ ಬೇರೆ. ಮೊದಲನೆಯವನಿಗೆ ಚಲನ್. ಎರಡನೆಯವನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್, ಅಂದರೆ ಅಜಾಗರೂಕ ಚಾಲನೆ. ಹಿಂದೆ ಐಪಿಸಿ 279 ಅಂತಿದ್ದದ್ದು ಇದೇ. ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

'ಅಯ್ಯೋ, ಅಲ್ಲೂ ಸಾವಿರವೇ ಅಲ್ವಾ ಮಾವ?' ಅಂದ ನಮ್ಮ ಹುಡುಗ. ದುಡ್ಡಿನ ಲೆಕ್ಕ ಅಷ್ಟೇ, ನಿಜ. ಜಾಮೀನು ಸಿಗುವ ಕೇಸು. ಠಾಣೆಯಲ್ಲೇ ಜಾಮೀನು ಕೊಡ್ತಾರೆ. ಆದರೆ ಚಲನ್ ಕಟ್ಟಿದ ಹಾಗೆ ಫೋನಲ್ಲಿ ಮುಗಿಸೋಕಾಗಲ್ಲ, ರಾಜಿ ಮಾಡಿಕೊಳ್ಳೋಕೂ ಬರಲ್ಲ. ಶೇ 50 ರಿಯಾಯಿತಿ ಇದಕ್ಕಿಲ್ಲ. ಕೋರ್ಟ್‌ಗೆ ಹೋಗಬೇಕು, ಅದೂ ತಪ್ಪು ನಡೆದ ಜಾಗದ ಕೋರ್ಟ್‌ಗೆ. ಕವಲಂದೆಯಿಂದ ನಂಜನಗೂಡು, ಅಲ್ಲಿಂದ ಮೈಸೂರು, ಮೈಸೂರಿಂದ ಮದ್ದೂರು. ಹೋದ ದಿನದ ದುಡಿಮೆ ಹೋಯಿತು. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಬೇಗ ಮುಗಿಯುತ್ತೆ ಅಂತ ಅಲ್ಲಿ ಯಾರಾದರೂ ಹೇಳೇ ಹೇಳ್ತಾರೆ. ಮುಗಿಯುತ್ತೆ, ಆದರೆ ಅಪರಾಧ ಸಾಬೀತು ಅಂತ ದಾಖಲೆಯಲ್ಲಿ ಉಳಿಯುತ್ತೆ. ನಾಳೆ ಒಂದು ಕಂಪನಿಯಲ್ಲಿ ಡ್ರೈವರ್ ಕೆಲಸಕ್ಕೆ ಹೋದಾಗ ಪೊಲೀಸ್ ವೆರಿಫಿಕೇಷನ್ ಕೇಳಿದರೆ? ಒಪ್ಪಿಕೊಳ್ಳೋ ಮುಂಚೆ ಒಬ್ಬ ವಕೀಲರನ್ನ ಕೇಳು ಅಂದೆ. ವಕೀಲರಿಗೆ ದುಡ್ಡಿಲ್ಲದಿದ್ದರೆ, ಅರ್ಹತೆ ಇರುವವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನ ಕೊಡುತ್ತೆ.

ಅವನಿಗೆ ನಿಜವಾಗಿ ನಿದ್ದೆ ಕೆಡಿಸಿದ್ದು ಲೈಸೆನ್ಸ್. 183ರಲ್ಲೇ ಇದೆ: ಎರಡನೇ ಸಲ ಸಿಕ್ಕರೆ ಲೈಸೆನ್ಸ್ ವಶಕ್ಕೆ. ಅದಕ್ಕೂ ಮುಂಚೆ, 2015ರಲ್ಲೇ ಸುಪ್ರೀಂ ಕೋರ್ಟ್‌ನ ರಸ್ತೆ ಸುರಕ್ಷತಾ ಸಮಿತಿ ರಾಜ್ಯಗಳಿಗೆ ಹೇಳಿತ್ತು: ಅತಿವೇಗ, ಕುಡಿದು ಓಡಿಸೋದು, ಸಿಗ್ನಲ್ ಜಂಪ್ ಇಂಥವಕ್ಕೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಿ ಅಂತ. ಅಮಾನತು ಮಾಡೋದು ಆರ್‌ಟಿಓ. ವಾರಕ್ಕೊಮ್ಮೆ ಕಾರು ತೆಗೆಯೋರಿಗೆ ಮೂರು ತಿಂಗಳು ಅಂದರೆ ಬೇಜಾರು. ಇವನಿಗೆ ಮೂರು ತಿಂಗಳ ಅಕ್ಕಿ-ಬೇಳೆ.

ಇಲ್ಲಿ ಸ್ವಲ್ಪ ಹೊರಗೆ ನೋಡೋಣ. ಫಿನ್‌ಲೆಂಡ್‌ನಲ್ಲಿ ಮಿತಿ ತುಂಬಾ ಮೀರಿದರೆ ದಂಡ ಆದಾಯದ ಮೇಲೆ. 2023ರಲ್ಲಿ 50 ಇದ್ದ ಕಡೆ 82ರಲ್ಲಿ ಹೋದ ಒಬ್ಬ ಸಿರಿವಂತರಿಗೆ 1,21,000 ಯೂರೋ ಬಿತ್ತು, ನಮ್ಮ ಲೆಕ್ಕದಲ್ಲಿ ಕೋಟಿ ರೂಪಾಯಿಗೂ ಮೇಲೆ. ನಮ್ಮಲ್ಲಿ ದಂಡ ಎಲ್ಲರಿಗೂ ಒಂದೇ, ಹಾಗಾಗಿ ದುಡ್ಡಿದ್ದವರಿಗೆ ಅದು ಟೋಲ್ ಇದ್ದ ಹಾಗೆ. ನನ್ನ ಮಟ್ಟಿಗೆ ಎಫ್‌ಐಆರ್ ನಿಯಮ ಸರಿ. ಕೋರ್ಟ್ ಮೆಟ್ಟಿಲು ಇಬ್ಬರೂ ಹತ್ತಬೇಕಲ್ಲ. ಆದರೆ ಹಿಂದೆ ಕೂತು 'ತುಳಿ' ಅಂದವರ ಮಾತೇನು?

ಅದಕ್ಕೂ ಕಾಯ್ದೆಯಲ್ಲಿ ಉತ್ತರ ಇದೆ. 183ರ ಮೊದಲನೇ ಉಪಸೆಕ್ಷನ್ ಪ್ರಕಾರ ತನ್ನ ಕೈಕೆಳಗಿನ ಡ್ರೈವರ್‌ನಿಂದ ಮಿತಿ ಮೀರಿ ಓಡಿಸಿದವರಿಗೂ ಅದೇ ದಂಡ. ಆದರೆ ಸಾಬೀತು ಮಾಡೋರು ಯಾರು? ಕ್ಯಾಮೆರಾಗೆ ನಂಬರ್ ಪ್ಲೇಟ್ ಕಾಣುತ್ತೆ, ಮಾತು ಕೇಳಿಸಲ್ಲ. ನೋಟಿಸ್ ಹೋಗೋದು ಕಾರಿನ ಮಾಲೀಕರಿಗೆ. ಓಡಿಸಿದ್ದು ಯಾರು ಅಂತ ಪೊಲೀಸರು ಕೇಳಿದರೆ 133ನೇ ಸೆಕ್ಷನ್ ಪ್ರಕಾರ ಅವರು ಹೇಳಲೇಬೇಕು. ಹೇಳಿದರು. ಹುಡುಗನ ಹೆಸರು, ನಂಬರ್ ಕೊಟ್ಟರು. ಆಮೇಲೆ ಅವನ ಫೋನ್ ಎತ್ತಿಲ್ಲ.

ಕ್ಯಾಮೆರಾ ಸುಳ್ಳು ಹೇಳಿದೆ ಅನಿಸಿದರೆ? ವೇಗ ಹೆಚ್ಚಿತ್ತು ಅಂತ ಒಬ್ಬ ಸಾಕ್ಷಿ ಬರೀ ಕಣ್ಣಂದಾಜಿನಲ್ಲಿ ಹೇಳಿದರೆ 183ರಡಿ ಶಿಕ್ಷೆ ಕೊಡೋಕಾಗಲ್ಲ. ಯಂತ್ರದ ಅಳತೆ ಬೇಕು. ಕ್ಯಾಮೆರಾ ಚಲನ್‌ನ ನೋಟಿಸ್ 15 ದಿನದೊಳಗೆ ಕಳಿಸಬೇಕು ಅಂತ 2021ರ ನಿಯಮ. ಫೋಟೋ, ಜಾಗ, ಸಮಯ ನೋಡಿ. ಇವನ ಫೋಟೋದಲ್ಲಿ ಎಲ್ಲಾ ಸರಿಯಾಗಿತ್ತು.

ಒಂದು ಲೆಕ್ಕ ಹಾಕಿ ತೋರಿಸಿದೆ ಅವನಿಗೆ. ಹೆದ್ದಾರಿ ಸುಮಾರು 118 ಕಿಲೋಮೀಟರ್. ಪೂರ್ತಿ 100ರಲ್ಲೇ ಹೋದರೆ 71 ನಿಮಿಷ, ಪೂರ್ತಿ 138ರಲ್ಲೇ ಹೋದರೆ 51. ಉಳಿಯೋದು ಇಪ್ಪತ್ತು ನಿಮಿಷ, ಅದೂ ಎಲ್ಲೂ ಬ್ರೇಕ್ ಹಾಕದಿದ್ದರೆ. ಆ ವೇಗದಲ್ಲಿ ಕಾರು ಸೆಕೆಂಡಿಗೆ 38 ಮೀಟರ್ ಓಡುತ್ತೆ. ಅಡ್ಡ ಯಾರಾದರೂ ಬಂದಿದ್ದು, ಜೀವ ಹೋಗಿದ್ದರೆ ಸೆಕ್ಷನ್ 106, ಐದು ವರ್ಷದವರೆಗೆ ಜೈಲು. ಅವನು ಮಾತಾಡಲಿಲ್ಲ.

ಕೋರ್ಟ್ ದಿನಾಂಕ ಇನ್ನೂ ಬಂದಿಲ್ಲ. ಬಂದ ದಿನ ನಾನೂ ಜೊತೆಗೆ ಹೋಗ್ತೀನಿ ಅಂತ ಅಕ್ಕನಿಗೆ ಹೇಳಿದ್ದೀನಿ. ಸಾವಿರ ಕಟ್ಟಿಬಿಡು ಅಂದವನು ನಾನೇ ಅಲ್ಲವಾ.